ರೂತಳ ಅಮ್ಮ ಆಡಿದ ಫ್ರೆಂಚ್

ಧಾರವಾಡದಿಂದ ವಿಲಾಯತಿಗೆ ಬಂದಿದ್ದ ನನ್ನನ್ನು ತಂಗಿಯ ಮಗಳು ಮೇಘನಾ ಮಧ್ಯಾಹ್ನ ಗ್ರೀನ್‌ಫರ್ಡ್‌ನ ಗೋದಾಮುಗಳ ನಡುವಿನ ಊಟದ ಗಾಡಿಗೆ ಕರೆದೊಯ್ದಳು. ಜಿನುಗು ಮಳೆ. ಗಾಡಿಯ ಒಡತಿ ರೂತ್ ಅಮೆರಿಕದ ಲೂಸಿಯಾನಾದವಳು. ಅನ್ನಕ್ಕೆ ಬೆಂಡೆಕಾಯಿಯ ಗಟ್ಟಿ ಸಾರು ಬಡಿಸುತ್ತ ತನ್ನ ಊರಿನ ಮಾತು ತೆಗೆದಳು.

ಅವಳ ಊರು ಬ್ರೋ ಬ್ರಿಜ್ ಬಹಳ ಚಿಕ್ಕದಂತೆ. ಮಂದವಾಗಿ ಹರಿಯುವ ಹೊಳೆ, ಶನಿವಾರ ತಿಂಡಿಯ ಹೊತ್ತಿಗೇ ಅಕಾರ್ಡಿಯನ್ ನುಡಿಸಿ ಕುಣಿಯುವ ಜನ. ಕೇಜನ್ ಎನಿಸಿಕೊಳ್ಳುವ ಆ ಫ್ರೆಂಚ್ ಮೂಲದ ಜನರ ಮನೆಮಾತು ಒಂದು ಬಗೆಯ ಫ್ರೆಂಚ್. ಶಾಲೆಯಲ್ಲಿ ಅದನ್ನಾಡಿ ಪೆಟ್ಟು ತಿಂದಿದ್ದ ರೂತಳ ಅಮ್ಮ ಮಕ್ಕಳಿಗೆ ಅದನ್ನು ಕಲಿಸಲೇ ಇಲ್ಲ. ಈಗ ಪಾರ್ಶ್ವವಾಯು ಬಡಿದು ಅಮ್ಮನಿಗೆ ಇಂಗ್ಲಿಷ್ ಮರೆತುಹೋಗಿದೆ. ಉಳಿದದ್ದು ಆ ಫ್ರೆಂಚ್ ಮಾತ್ರ.

ಮೇಘನಾ ಶಾಲೆಯಲ್ಲಿ ಫ್ರೆಂಚ್ ಓದಿದವಳೆಂದು ತಿಳಿದದ್ದೇ ರೂತ್ ಕೈ ಒರೆಸಿಕೊಂಡು ಮೊಬೈಲ್ ಚಾಚಿದಳು. ಅದರಲ್ಲಿ, ತಾನು ಊರಿಗೆ ಕರೆ ಮಾಡಿದಾಗ ಮುದ್ರಿಸಿಕೊಂಡ ಅಮ್ಮನ ದನಿಯಿತ್ತು.

"ನಾಲ್ಕು ದಿನದಿಂದ ಕೇಳ್ತಿದ್ದೀನಿ. ಏನಂತಾಳೆ?"

ಮೇಘನಾ ಅದನ್ನು ಮೂರು ಸಲ ಹಾಕಿ ಕೇಳಿದಳು. ನನಗೆ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವವಳು, ರೂತಳಿಗೆ ತಿಳಿಯಬಾರದೆಂದು ಕನ್ನಡದಲ್ಲಿ ಹೇಳಿದಳು: "ಮೌಶಿ, ಫೋನಿನ್ಯಾಗ ಇಂಗ್ಲಿಷ್ ಮಾತಾಡಾಕಿ ಯಾರೋ ಬ್ಯಾರೆದಾಕಿ ಅಂತಾಳ. ನನ್ನ ರೂತ್‌ನ ಕರೀರಿ ಅಂತ ಅಳಾಕತ್ತಾಳ. ಹೆಂಗ ಹೇಳ್ಲಿ ಇದನ್ನ?"

"ಇದ್ದದ್ದು ಇದ್ದಂಗ ಹೇಳು," ಎಂದೆ.

ಹೇಳಿದಳು. ರೂತ್ ಒಲೆ ಆರಿಸಿದಳು. ಆಮೇಲೆ ಕೇಳಿದಳು: "'ಅಮ್ಮಾ, ನಾನೇ ರೂತ್' ಅಂತ ಅವಳ ಮಾತಿನಲ್ಲಿ ಹೇಗನ್ನಬೇಕು?"

ಮೇಘನಾ ಹೇಳಿಕೊಟ್ಟಳು. ಊಟಕ್ಕೆ ಸಾಲು ನಿಂತವರನ್ನು ಮರೆತು ರೂತ್ ಅದನ್ನೇ ಅನ್ನತೊಡಗಿದಳು. ನಾವು ಹೊರಡುವಾಗಲೂ ಅವಳ ನಾಲಿಗೆ ಅದಕ್ಕೆ ಹೊರಳುತ್ತಿರಲಿಲ್ಲ.