ಬರಿಗಲ್ಲು ತಿರುಗಿದ ಶನಿವಾರ

ಸೂಜಿ ಚುಚ್ಚಿದ ಜಾಗಕ್ಕೆ ಅಂಟಿಸಿದ್ದ ಪಟ್ಟಿಯನ್ನು ಮೂರನೆಯ ದಿನ ಸ್ನಾನದ ಹೊತ್ತಿಗೆ ನಾನೇ ಕಿತ್ತೆ. ಹೊಕ್ಕುಳಿನ ಕೆಳಗೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ, ಅಷ್ಟೇ. ಆ ಚುಕ್ಕೆಯಿಂದ ಮಗುವಿನ ಸುತ್ತಲಿನ ನೀರನ್ನು ಒಂದಿಷ್ಟು ಎಳೆದುಕೊಂಡು ಲ್ಯಾಬಿಗೆ ಕಳಿಸಿದ್ದರು. ಮೊದಲು ಮಾಡಿದ್ದ ರಕ್ತಪರೀಕ್ಷೆಯಲ್ಲಿ ಏನೋ ಹೆಚ್ಚುಕಡಿಮೆ ಕಂಡಿತ್ತು. ಮಗು ಸರಿಯಾಗಿದೆಯೋ ಇಲ್ಲವೋ ಈ ಎರಡನೆಯ ಪರೀಕ್ಷೆಯಲ್ಲಿ ತಿಳಿಯುತ್ತದೆ, ಎರಡು ವಾರ ಹಿಡಿಯಬಹುದು, ಫೋನ್ ಮಾಡಿ ಹೇಳುತ್ತೇವೆ ಎಂದಿದ್ದರು ಡಾಕ್ಟರ್. ಸರಿಯಿಲ್ಲ ಎಂದು ಬಂದರೆ ಮುಂದೇನು ಎಂದು ನಾನು ಕೇಳಲಿಲ್ಲ. ನಮ್ಮ ಯಜಮಾನರೂ ಕೇಳಲಿಲ್ಲ. ಕಾರಿನಲ್ಲಿ ಕೂತ ಮೇಲೆ ಅವರು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಕೀಲಿ ತಿರುಗಿಸುವುದನ್ನೇ ಮರೆತಿದ್ದರು.

ಹಿಂದಿನ ವರ್ಷ ಒಂದು ಮಗು ಹೊಟ್ಟೆಯಲ್ಲೇ, ಮೂರು ತಿಂಗಳಿಗೇ ಹೋಗಿತ್ತು. ಊರಿಗೆ ಎರಡನ್ನೂ ತಿಳಿಸಿರಲಿಲ್ಲ. ಹೋದದ್ದನ್ನೂ, ಈ ಪರೀಕ್ಷೆಯನ್ನೂ. ಭಾನುವಾರ ಹಾಸನದಿಂದ ಅಮ್ಮ ಫೋನಿನಲ್ಲಿ, "ಮಗು ಆಡ್ತಾ ಇದ್ಯೇನೇ?" ಎಂದರೆ, "ಚೆನ್ನಾಗಿ ಆಡ್ತಾ ಇದೆ ಕಣಮ್ಮ" ಎನ್ನುತ್ತಿದ್ದೆ. ಆಡಿದಂತೆ ಅನ್ನಿಸಿದ್ದು ಎರಡೇ ಸಲ. ಅದೂ ಮಗುವೋ, ಹೊಟ್ಟೆಯ ಗಾಳಿಯೋ.

ಆಗ ನಾವು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ವಾಲ್ನಟ್ ಕ್ರೀಕ್ ಎಂಬ ಊರಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಅವರ ಆಫೀಸು ಎಮರಿವಿಲ್‌ನಲ್ಲಿ, ಆ ಕಾಲದಲ್ಲಿ ವಾರಕ್ಕೊಂದರಂತೆ ಹುಟ್ಟುತ್ತಿದ್ದ ಡಾಟ್‌ಕಾಮ್ ಕಂಪನಿಗಳಲ್ಲೊಂದು. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಮನೆಯಲ್ಲಿ ಕೂತು ಕೂತು ನಾನು ಮಂಕಾಗುತ್ತಿದ್ದೇನೆಂದು ಅವರು ಒಂದು ಹಳೆಯ ಫಿಲ್ಮ್ ಕ್ಯಾಮೆರಾ ತಂದುಕೊಟ್ಟಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಪಾರ್ಕಿನಲ್ಲಿ, ಸಮುದ್ರದ ಕಡೆಯ ತುದಿಗೆ, ಎರಡು ಗಾಳಿಯಂತ್ರಗಳಿವೆ. ಒಂದಕ್ಕೆ ರೆಕ್ಕೆಗಳಿದ್ದವು. ಇನ್ನೊಂದು ಆಗ ರೆಕ್ಕೆಯಿಲ್ಲದೆ, ಕೈ ಕಳೆದುಕೊಂಡ ಗೊಂಬೆಯ ಹಾಗೆ ಮರಗಳ ನಡುವೆ ನಿಂತಿತ್ತು. ನಾನು ಮೊದಲ ರೋಲು ಪೂರ್ತಿ ಖರ್ಚು ಮಾಡಿದ್ದು ಆ ಬೋಳು ಯಂತ್ರದ ಮೇಲೆ. ಅಲ್ಲಿಂದ ಹಿಡಿದ ಹುಚ್ಚು. ಲೈಬ್ರರಿಯ ಪುಸ್ತಕದಲ್ಲಿ ನೋಡಿ, ಸುತ್ತಮುತ್ತ ಹಳೆಯ ಗಿರಣಿ ಎಲ್ಲಿದೆ, ಗಾಳಿಯದೋ ನೀರಿನದೋ ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ.

"ಎಲ್ಲರ ಹೆಂಡ್ತೀರೂ ಗೋಲ್ಡನ್ ಗೇಟ್ ಮುಂದೆ ನಿಂತು ಫೋಟೋ ತೆಗೆಸ್ಕೋತಾರೆ. ನನ್ನ ಹೆಂಡ್ತಿ ಹಿಟ್ಟಿನ ಮಿಲ್ಲು ಹುಡುಕ್ಕೊಂಡು ಹೋಗ್ತಾಳೆ" ಎಂದು ಅವರು ಸ್ನೇಹಿತರ ಮುಂದೆ ರೇಗಿಸುತ್ತಿದ್ದರು.

ಆ ಶನಿವಾರ ಹೊರಟದ್ದೂ ಅವರ ಒತ್ತಾಯಕ್ಕೆ. "ಮನೇಲಿದ್ರೆ ಫೋನ್ ಮುಂದೆನೇ ಕೂತಿರ್ತೀಯ. ಶನಿವಾರ ಲ್ಯಾಬಿಂದ ಯಾರೂ ಮಾಡಲ್ಲ ಕಣೇ. ಎದ್ದೇಳು. ಆ ನಾಪಾ ಕಡೆ ನೀರಿನ ಮಿಲ್ಲು ಅಂತಿದ್ಯಲ್ಲ, ನೋಡ್ಕೊಂಡು ಬರೋಣ."

ಸೇತುವೆ ದಾಟಿ, ದ್ರಾಕ್ಷಿತೋಟಗಳ ನಡುವೆ ಹೋದೆವು. ಎಲೆಗಳು ಅರಿಸಿನಕ್ಕೆ ತಿರುಗಿದ್ದವು. ಸೀಟ್‌ಬೆಲ್ಟು ಹೊಟ್ಟೆಯನ್ನು ಒತ್ತದಂತೆ ಹೆಬ್ಬೆರಳು ಒಳಗಿಟ್ಟು ಎತ್ತಿ ಹಿಡಿದುಕೊಂಡೇ ಕೂತಿದ್ದೆ. ಗಿರಣಿ ತಲುಪುವಷ್ಟರಲ್ಲಿ ಬೆರಳಿಗೆ ಜೋಮು ಹಿಡಿದಿತ್ತು.

ಗಿರಣಿ ಮರದ್ದು, ಮೂರಂತಸ್ತು. ಪಕ್ಕಕ್ಕೆ ಅದರಷ್ಟೇ ಎತ್ತರದ ನೀರಿನ ಚಕ್ರ, ಪಾಚಿ ಹಿಡಿದು ಕಪ್ಪಾಗಿತ್ತು. ನಾವು ಹೋಗುವ ಹೊತ್ತಿಗೆ ಚಕ್ರ ನಿಂತಿತ್ತು. ನಿಂತ ಚಕ್ರದ ಫೋಟೋ ನನಗೆ ಬೇಕಿರಲಿಲ್ಲ. ಹುಬ್ಬಿನ ಮೇಲೆಲ್ಲ ಹಿಟ್ಟು ಕೂತ ಮುದುಕನೊಬ್ಬ ಚೀಲದ ಬಾಯಿ ಕಟ್ಟುತ್ತಿದ್ದ. ಅವನೇ ಅಲ್ಲಿಯ ಗಿರಣಿಯವನು. ನಾನು ಅಂಥ ಕಡೆ ಬಾಯಿ ಬಿಡುವವಳಲ್ಲ. ಆದರೂ ಅವತ್ತು ಕೇಳಿದೆ, ಫೋಟೋಗಾಗಿ ಸ್ವಲ್ಪ ಹೊತ್ತು ತಿರುಗಿಸಲು ಆಗುತ್ತದೆಯೇ ಎಂದು.

"ಇವತ್ತಿನ ಕಾಳು ಮುಗೀತು. ಆದ್ರೂ ನಿನಗೋಸ್ಕರ ಎರಡು ನಿಮಿಷ" ಎಂದ. ಇಂಗ್ಲಿಷಿನಲ್ಲೇ ಅಂದಿರಬೇಕು; ನನಗೆ ಅವನ ಮಾತೆಲ್ಲ ಈಗ ಕನ್ನಡದಲ್ಲೇ ನೆನಪಿದೆ.

ನೀರು ಬಿಟ್ಟ. ಚಕ್ರ ಮೊದಲು ನರಳಿತು, ಆಮೇಲೆ ಹೊರಳಿತು. ಹೊರಗೆ ನಿಂತು ಐದಾರು ಫೋಟೋ ತೆಗೆದೆ. ನೀರಿನ ಹನಿಗಳ ಮೇಲೆ ಬಿಸಿಲು ಬಿದ್ದಿತ್ತು, ಆ ಒಂದು ಗಳಿಗೆ ನನಗೆ ಸೂಜಿಯೂ ನೆನಪಿರಲಿಲ್ಲ, ಲ್ಯಾಬೂ ನೆನಪಿರಲಿಲ್ಲ. ಬೀಸುವ ಕಲ್ಲು ನೋಡೋಣವೆಂದು ಒಳಗೆ ಮೆಟ್ಟಿಲು ಹತ್ತಿದೆ. ಕಲ್ಲುಗಳು ದುಂಡನೆಯ ಮರದ ಪೆಟ್ಟಿಗೆಯೊಳಗೆ ಮುಚ್ಚಿಕೊಂಡಿದ್ದವು. ಪೆಟ್ಟಿಗೆಯ ಮೇಲೆ ಕಾಳು ಸುರಿಯುವ ದೊಡ್ಡ ಡಬ್ಬಿ, ಅದರ ಕೆಳಗೆ ಟಕಟಕ ಅಲುಗುತ್ತಾ ಕಾಳನ್ನು ಕಲ್ಲಿಗೆ ಇಳಿಸುವ ಮರದ ದೋಣಿ. ಕ್ಯಾಮೆರಾ ಕಣ್ಣಿಗಿಟ್ಟು, ಬಗ್ಗಿ, ಬಟನ್ ಒತ್ತಿದೆ. ಒತ್ತಿದ ಮೇಲೆ ನೋಡಿದೆ. ಡಬ್ಬಿಯಲ್ಲಿ ಒಂದು ಕಾಳೂ ಇರಲಿಲ್ಲ. ಪೆಟ್ಟಿಗೆಯೊಳಗಿಂದ ಗರಗರ ಸದ್ದು ಬರುತ್ತಲೇ ಇತ್ತು.

ಅಜ್ಜಿಯ ದನಿ ಕೇಳಿಸಿತು ಅಂತಲ್ಲ. ಕೈಯೇ ತಣ್ಣಗಾಯಿತು.

ನನಗಾಗ ಆರೋ ಏಳೋ ವರ್ಷ. ಅಜ್ಜಿಯ ಅಡುಗೆಮನೆಯ ಮೂಲೆಯಲ್ಲಿದ್ದ ಬೀಸುವ ಕಲ್ಲಿನ ಗೂಟ ಹಿಡಿದು ಆಟಕ್ಕೆ ತಿರುಗಿಸುತ್ತಿದ್ದೆ. ಅಜ್ಜಿ ಒಲೆಯ ಮುಂದಿನಿಂದ ಹೇಗೆ ಎದ್ದು ಬಂದರೋ. "ಬರಿಗಲ್ಲು ತಿರುಗಿಸ್ತೀಯೇನೇ! ಮನೇಲಿ ಬಸುರಿ ಇದಾಳೆ, ಗೊತ್ತಾಗಲ್ವಾ ನಿಂಗೆ?" ಎಂದು ಬೆನ್ನಿಗೊಂದು ಬಿಟ್ಟು, ಮೊರದಿಂದ ಒಂದು ಹಿಡಿ ರಾಗಿ ತೆಗೆದು ಕಲ್ಲಿನ ಬಾಯಿಗೆ ಸುರಿದರು. "ಹೂಂ, ಈಗ ತಿರುಗಿಸು" ಎಂದರು. ಬಸುರಿಯಾಗಿದ್ದವಳು ಚಿಕ್ಕಮ್ಮ. ಚಿಕ್ಕಮ್ಮನಿಗೆ ಗುಂಡುಕಲ್ಲಿನಂಥ ಗಂಡುಮಗು ಹುಟ್ಟಿತು. ಅಜ್ಜಿ ಸಮಯಕ್ಕೆ ರಾಗಿ ಹಾಕದಿದ್ದರೆ ಏನಾಗುತ್ತಿತ್ತೋ ಎಂದು ಎಷ್ಟೋ ದಿನ ಅವನನ್ನು ತೊಟ್ಟಿಲಲ್ಲಿ ಬಗ್ಗಿ ನೋಡುತ್ತಿದ್ದೆ.

ಕಾನ್ವೆಂಟಿನಲ್ಲಿ ಇದಕ್ಕೆಲ್ಲ ಮದ್ದು ಕೊಟ್ಟಿದ್ದರು. ಬೆಕ್ಕು ಅಡ್ಡ ಬಂತೆಂದು ಮನೆಗೆ ವಾಪಸು ಹೋಗಿ, ನೀರು ಕುಡಿದು, ತಡವಾಗಿ ಬಂದ ಗೆಳತಿಯನ್ನು ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸಿದ್ದರು. ಇಡೀ ಕ್ಲಾಸು ನಕ್ಕಿತ್ತು. ನಾನೂ ನಕ್ಕಿದ್ದೆ. ಈಗ ನಾನು ಆ ಬೆಂಚಿನ ಮೇಲೆ ಒಬ್ಬಳೇ ನಿಂತಂತಾಯಿತು. ಬಸುರಿ ನಾನೇ. ಬಾಯಿಬಿಟ್ಟು ಕೇಳಿ ಬರಿಗಲ್ಲು ತಿರುಗಿಸಿದವಳೂ ನಾನೇ.

"ಯಾಕೆ ಮುಖ ಹಾಗಿದೆ? ವಾಂತಿ ಬರ್ತಿದ್ಯಾ?" ಕೆಳಗಿಳಿದಾಗ ಅವರು ಕೇಳಿದರು.

"ಇಲ್ಲ ರೀ. ಹಿಟ್ಟಿನ ಘಾಟು."

ಮಾರನೆಯ ದಿನ ಹೊಟ್ಟೆಯಲ್ಲಿ ಏನೂ ಅಲುಗಲಿಲ್ಲ. ಸೋಮವಾರವೂ ಇಲ್ಲ. ನರ್ಸಿಗೆ ಫೋನ್ ಮಾಡಿದರೆ, ಈ ತಿಂಗಳಲ್ಲಿ ದಿನಾ ಗೊತ್ತಾಗುವುದಿಲ್ಲ, ಹೆದರಬೇಡಿ ಎಂದಳು. ನಾನು ಎಡ ಮಗ್ಗುಲಿಗೆ ಮಲಗಿ, ತಣ್ಣೀರು ಕುಡಿದು, ಗೋಡೆ ಗಡಿಯಾರದ ಮುಳ್ಳು ನೋಡುತ್ತಾ ಕಾಯುತ್ತಿದ್ದೆ. ಫ್ರಿಜ್ಜು ಗುರ್ರೆಂದು ಶುರುವಾದರೆ ಬೆಚ್ಚುತ್ತಿದ್ದೆ. ಮಿಕ್ಸಿ ಮುಟ್ಟಲಿಲ್ಲ. ಚಟ್ನಿಯಿಲ್ಲದ ದೋಸೆಯನ್ನು ಅವರು ಎರಡು ದಿನ ಸುಮ್ಮನೆ ತಿಂದರು. ಮೂರನೆಯ ದಿನ, "ಮಿಕ್ಸಿ ಕೆಟ್ಟಿದ್ಯಾ?" ಎಂದರು. "ಹೂಂ" ಎಂದೆ. ಅವರು ಪರೀಕ್ಷಿಸಲು ಹೋಗಿ ಖಾಲಿ ಜಾರು ತಿರುಗಿಸಿಯಾರೆಂದು ಪ್ಲಗ್ಗು ಕಿತ್ತು ಮಿಕ್ಸಿಯನ್ನೇ ಬಟ್ಟೆ ಬೀರುವಿನಲ್ಲಿ ಇಟ್ಟೆ. ಸ್ನಾನ ಮಾಡುವಾಗ ಕಾನ್ವೆಂಟಿನ ಮಾತೆ ಮರಿಯಳ ಪ್ರಾರ್ಥನೆ, ದೀಪ ಹಚ್ಚುವಾಗ ಅಮ್ಮ ಕಲಿಸಿದ ದೇವಿಯ ಶ್ಲೋಕ. ಎರಡರಲ್ಲೂ ಮಧ್ಯದಲ್ಲೇ ಸಾಲು ತಪ್ಪುತ್ತಿತ್ತು. ತಪ್ಪಿದರೆ ಮೊದಲಿಂದ ಶುರು. ಫೋಟೋ ಅಂಗಡಿಗೆ ಕೊಟ್ಟಿದ್ದ ರೋಲು ತೊಳೆದು ತಯಾರಾಗಿತ್ತು. ತರಲು ಧೈರ್ಯ ಬರಲಿಲ್ಲ. ಆ ಖಾಲಿ ಡಬ್ಬಿ ಅದರಲ್ಲಿತ್ತಲ್ಲ.

ಗುರುವಾರದ ಹೊತ್ತಿಗೆ ನನಗೆ ಒಂದೇ ದಾರಿ ಕಾಣುತ್ತಿತ್ತು. ಅಜ್ಜಿ ಕೂಡಲೇ ರಾಗಿ ಸುರಿದಿದ್ದರು. ನನಗೆ ತಡವಾಗಿತ್ತು, ಆದರೂ ಸುರಿಯಬೇಕು. ಅದೇ ಕಲ್ಲಿಗೆ.

ಮುಂದಿನ ಶನಿವಾರ ಅವರಿಗೆ ಆಫೀಸಿತ್ತು, ರೈಲಿನಲ್ಲಿ ಹೋದರು. ಮೊಳಕೆ ಕಟ್ಟಿ ಗಂಜಿ ಮಾಡಿಕೊಂಡು ಕುಡಿಯೆಂದು ಅಮ್ಮ ಯಾರದೋ ಕೈಯಲ್ಲಿ ಕಳಿಸಿದ್ದ ರಾಗಿಯಲ್ಲಿ ಒಂದು ಹಿಡಿಯನ್ನು ಸ್ಯಾಂಡ್‌ವಿಚ್ ಕವರಿಗೆ ಹಾಕಿಕೊಂಡು, ಕಾರಿನ ಕೀಲಿ ತೆಗೆದುಕೊಂಡೆ. ನನಗೆ ಲೈಸೆನ್ಸು ಬಂದು ಆರು ವಾರವಾಗಿತ್ತು. ಫ್ರೀವೇಯಲ್ಲಿ ಒಬ್ಬಳೇ ಹೋದವಳಲ್ಲ. ಸೇತುವೆಯ ಮೇಲೆ ಎರಡೂ ಬದಿಯಲ್ಲಿ ಲಾರಿಗಳು. ಗಾಳಿಗೆ ಕಾರು ಪಕ್ಕಕ್ಕೆ ಸರಿಯುತ್ತಿತ್ತು. ಈಗ ಏನಾದರೂ ಆದರೆ ಅದೂ ನಾನೇ ಮಾಡಿಕೊಂಡದ್ದಾಗುತ್ತದೆ ಎಂದು ಹಲ್ಲು ಕಚ್ಚಿ, ಮುಂದಿನ ಕಾರಿನ ಕೆಂಪು ದೀಪ ಬಿಟ್ಟು ಬೇರೇನನ್ನೂ ನೋಡದೆ ಓಡಿಸಿದೆ. ಗಿರಣಿಯ ಮುಂದೆ ಇಳಿದಾಗ ಬೆನ್ನಿನ ಬಟ್ಟೆ ಒದ್ದೆಯಾಗಿತ್ತು.

ಮುದುಕ ಗುರುತು ಹಿಡಿದ. "ಕ್ಯಾಮೆರಾ ಎಲ್ಲಿ?"

ಆಗ ನೋಡಿಕೊಂಡೆ. ಕ್ಯಾಮೆರಾ ತಂದಿರಲಿಲ್ಲ. ಕೈಯಲ್ಲಿ ರಾಗಿಯ ಕವರು ಮಾತ್ರ.

ಏನು ಹೇಳಿದೆನೋ. ನಮ್ಮ ಕಡೆ ಖಾಲಿ ಕಲ್ಲು ತಿರುಗಿಸುವುದಿಲ್ಲ, ಹೋದ ವಾರ ನನ್ನಿಂದ ಹಾಗಾಯಿತು, ಇದಿಷ್ಟು ಹಾಕಿ ತಿರುಗಿಸುತ್ತೀರಾ ಎಂದು ಮುರಿದು ಮುರಿದು ಹೇಳಿದೆ. ನಗುತ್ತಾನೆಂದುಕೊಂಡಿದ್ದೆ. ಅವನು ನಗಲಿಲ್ಲ, ಸಿಟ್ಟಾದ.

"ಖಾಲಿ ಕಲ್ಲಾ? ನಾನಾ? ಯಾವ ಗಿರಣಿಯವನೂ ಖಾಲಿ ಕಲ್ಲು ಓಡಿಸಲ್ಲ. ಕಲ್ಲಿಗೆ ಕಲ್ಲು ತಾಗಿದ್ರೆ ಕಿಡಿ ಹಾರುತ್ತೆ. ಒಳಗೆಲ್ಲಾ ಮರ, ಹಿಟ್ಟಿನ ದೂಳು. ಇಡೀ ಗಿರಣಿ ಸುಟ್ಟುಹೋಗುತ್ತೆ."

"ನಾನು ನೋಡಿದೆ. ಡಬ್ಬಿ ಖಾಲಿ ಇತ್ತು. ಸದ್ದೂ ಕೇಳಿಸ್ತು."

"ನೀನು ಕೇಳಿದ್ದು ಮರದ ಹಲ್ಲುಚಕ್ರದ ಸದ್ದು. ಬಾ ಇಲ್ಲಿ."

ಕೆಳಗೆ ಕರೆದುಕೊಂಡು ಹೋಗಿ ಒಂದು ಕಬ್ಬಿಣದ ತಿರುಪು ತೋರಿಸಿದ. ಅದನ್ನು ತಿರುಗಿಸಿದರೆ ಮೇಲಿನ ಕಲ್ಲು ಏಳುತ್ತದೆ. ಹೋದ ಶನಿವಾರ ನೀರು ಬಿಡುವ ಮೊದಲೇ ಅವನು ಕಲ್ಲನ್ನು ಎತ್ತಿಬಿಟ್ಟಿದ್ದ. ಮೇಲಿನದು ತಿರುಗಿತ್ತು ನಿಜ, ಆದರೆ ಕೆಳಗಿನ ಕಲ್ಲನ್ನು ಮುಟ್ಟಿರಲಿಲ್ಲ. ಪೆಟ್ಟಿಗೆ ಮುಚ್ಚಿದ್ದರಿಂದ ನನಗೆ ಕಾಣಲಿಲ್ಲ, ಅಷ್ಟೇ.

ಅಲ್ಲೇ ಒಂದು ಕಾಳಿನ ಮೂಟೆಯ ಮೇಲೆ ಕೂತೆ. ಅವನು ನನ್ನ ಹೊಟ್ಟೆ ನೋಡಿದ, ಮುಖ ನೋಡಿದ. ಕವರನ್ನು ಬೆಳಕಿಗೆ ಹಿಡಿದು, "ಇದೇನು, ಬೀಜವಾ?" ಎಂದ. ರಾಗಿ ಎಂದೆ. ಬೇರೆ ಕಾಳು ತನ್ನ ಕಲ್ಲಿಗೆ ಹಾಕುವಂತಿಲ್ಲ, ಹಿಟ್ಟು ಬೆರೆತುಹೋಗುತ್ತದೆ ಎಂದು ತಿರುಗಿ ಕೊಟ್ಟ. ಆಮೇಲೆ ಮೂಟೆಯಿಂದ ಒಂದು ಹಿಡಿ ಗೋಧಿ ತೆಗೆದು ನನ್ನ ಅಂಗೈಗೆ ಹಾಕಿ, "ಇದು ಹಾಕು. ಹೋಗು, ನೀರು ಬಿಡ್ತೀನಿ" ಎಂದ.

ಮೇಲೆ ಹೋಗಿ ಹಾಕಿದೆ. ದೋಣಿ ಅಲುಗಿತು, ಕಾಳು ಒಂದೊಂದಾಗಿ ಇಳಿಯಿತು. ಈ ಸಲ ಸದ್ದು ಬೇರೆಯಾಗಿತ್ತು, ಮೆತ್ತಗೆ.

ಭಯ ಹೋಯಿತೆಂದರೆ ಸುಳ್ಳು. ಕಲ್ಲಿನ ಭಯ ಹೋಯಿತು. ವಾಪಸು ಬರುವಾಗ ಸೇತುವೆಯ ಮೇಲೆ ಹೊಳೆಯಿತು, ಕಲ್ಲನ್ನು ದೂರಲು ಈಗ ಆಗುವುದಿಲ್ಲ. ಬರುವುದು ಬಂದೇ ಬರುತ್ತದೆ, ನಾನು ಹಿಡಿ ಕಾಳು ಹಾಕಿ ತಡೆಯುವಂಥದ್ದು ಯಾವುದೂ ಇಲ್ಲ. ಆ ವಾರವೆಲ್ಲ ಪಟ್ಟದ್ದಕ್ಕಿಂತ ಅದು ಹೆಚ್ಚಿನ ಹೆದರಿಕೆ. ಸಂಜೆ ಅವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. "ಒಬ್ಳೇ ಸೇತುವೆ ದಾಟಿದ್ಯಾ?" ಎಂದರು. ಆಮೇಲೆ, "ನನಗೂ ಹೇಳಿದ್ರೆ ನಾನೂ ಒಂದು ಹಿಡಿ ಹಾಕ್ತಿದ್ದೆ ಕಣೇ" ಎಂದರು. ಅವರು ಹದಿನೈದು ದಿನದಿಂದ ನಿದ್ದೆ ಮಾಡಿಲ್ಲವೆಂದು ನನಗೆ ಗೊತ್ತಾದದ್ದು ಆಗ.

ಮಂಗಳವಾರ ಮಧ್ಯಾಹ್ನ ಕೆಳಗೆ ಬಟ್ಟೆ ಒಗೆಯಲು ಹೋಗಿ ಬಂದಾಗ ಆನ್ಸರಿಂಗ್ ಮೆಷೀನಿನ ದೀಪ ಮಿನುಗುತ್ತಿತ್ತು. ಡಾಕ್ಟರ ಆಫೀಸಿಗೆ ಫೋನ್ ಮಾಡಿ ಎಂದಷ್ಟೇ ಇತ್ತು. ದನಿಯಲ್ಲಿ ಏನಾದರೂ ಸಿಗಬಹುದೇ ಎಂದು ನಾಲ್ಕು ಸಲ ಕೇಳಿದೆ. ಒಂದು ಸಲ ಕನಿಕರದ ಹಾಗೆ ಕೇಳಿಸಿತು, ಇನ್ನೊಂದು ಸಲ ಅವಸರದ ಹಾಗೆ. ನಂಬರು ಒತ್ತುವಾಗ ಎರಡು ಸಲ ತಪ್ಪಿತು.

ನರ್ಸು ಫೋನಿಗೆ ಬಂದು ನನ್ನ ಹೆಸರು, ಹುಟ್ಟಿದ ದಿನ ಕೇಳಿದಳು. ಕಾಗದ ಮಗುಚುವ ಸದ್ದು.

"ಎಲ್ಲಾ ಸರಿಯಾಗಿದೆ. ಹೆಣ್ಣೋ ಗಂಡೋ ಹೇಳಲಾ?"

"ಬೇಡ ಬೇಡ, ಹೇಳಬೇಡಿ" ಎಂದು ಕೂಗಿಯೇಬಿಟ್ಟೆ. ನಮ್ಮೂರಿನಲ್ಲಿ ಹಾಗೆ ಹೇಳುವುದು ತಪ್ಪಲ್ಲವೇ. ಮತ್ತೇನನ್ನೂ ಮೈಮೇಲೆ ಎಳೆದುಕೊಳ್ಳಲು ನಾನು ಸಿದ್ಧಳಾಗಿರಲಿಲ್ಲ. ಫೋನಿಟ್ಟು, ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ.

ಆಮೇಲೆ ರೋಲು ತಂದೆ. ಚಕ್ರದ ಫೋಟೋ ಚೆನ್ನಾಗಿ ಬಂದಿತ್ತು, ಈಗಲೂ ಹಾಲ್‌ನ ಗೋಡೆಯಲ್ಲಿದೆ. ಖಾಲಿ ಡಬ್ಬಿಯದು ಅಲುಗಿ ಮಸುಕಾಗಿದೆ. ಎಸೆಯಲಿಲ್ಲ, ಗೋಡೆಗೂ ಹಾಕಲಿಲ್ಲ. ಆಸ್ಪತ್ರೆಯ ಕಾಗದಗಳ ಜೊತೆ ಒಂದು ಲಕೋಟೆಯಲ್ಲಿದೆ.

ಮೊನ್ನೆ ಹೊಸ ಮಿಕ್ಸಿ ಬಂತು. ಮಗಳು ರಜೆಗೆ ಬಂದಿದ್ದಳು. ಪೆಟ್ಟಿಗೆ ಬಿಚ್ಚಿ, ಕೆಲಸ ಮಾಡುತ್ತದೋ ನೋಡೋಣವೆಂದು ಖಾಲಿ ಜಾರು ಕೂರಿಸಿ ಸ್ವಿಚ್ಚು ಒತ್ತಿದಳು. ನಾನು ಹಾಲ್‌ನಿಂದ ಓಡಿದೆ, ಡಬ್ಬದಲ್ಲಿ ಕೈಗೆ ಸಿಕ್ಕಷ್ಟು ಅಕ್ಕಿ ತೆಗೆದೆ, ಅರ್ಧ ನೆಲಕ್ಕೆ ಚೆಲ್ಲಿತು.

"ಅಮ್ಮಾ! ವಾಟ್ ಹ್ಯಾಪನ್ಡ್?" ಎಂದು ಅವಳು ಗಾಬರಿಯಿಂದ ಆಫ್ ಮಾಡಿ, ನನ್ನನ್ನೇ ನೋಡುತ್ತಾ ನಿಂತಳು.

ಮುಚ್ಚಳ ತೆಗೆದು ಅಕ್ಕಿ ಸುರಿದೆ. "ಏನಿಲ್ಲ. ಹೂಂ, ಈಗ ತಿರುಗಿಸು" ಎಂದೆ.