ಇಲ್ಲದ ಅತ್ತೆಯನ್ನು ಸಾಕಿದ ತಾಮೋ

ಮೊರಾಕ್ಕೋದ ಕಡಲ ದಡದ ಆ ಊರಿನ ಮೀನಿನ ಕಾರ್ಖಾನೆಗೆ ಹೊತ್ತುಗೊತ್ತೆಂಬುದಿರಲಿಲ್ಲ. ಬೂತಾಯಿ ಮೀನು ತುಂಬಿದ ದೋಣಿ ದಡ ಮುಟ್ಟಿತೆಂದರೆ ಸೈರನ್ ಕೂಗುತ್ತಿತ್ತು. ಕೂಗಿದಾಗ ಹೆಂಗಸರು ಓಡಬೇಕು. ತಡವಾಗಿ ಬಂದವಳ ಮುಖದ ಮುಂದೆಯೇ ಬಾಗಿಲು ಮುಚ್ಚುತ್ತಿದ್ದರು.

ತಾಮೋ ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು. ಕಿತ್ತಳೆ ಕೀಳಲು ಸ್ಪೇನಿಗೆ ಹೋದ ಗಂಡ ಅಲ್ಲಿಂದಲೇ ವಿಚ್ಛೇದನ ಕೊಟ್ಟು ಕೈತೊಳೆದುಕೊಂಡಿದ್ದ. ಮಗಳು ಶಾಮಾಳಿಗೆ ಐದು ವರ್ಷ. ಒಂಟಿ ಹೆಣ್ಣಿಗೆ ಬಾಡಿಗೆಗೆ ಕೋಣೆ ಕೊಡುವವರಿಲ್ಲ. ಹಳೇ ಪೇಟೆಯ ಮನೆಯ ಯಜಮಾನ, "ಗಂಡಸಿಲ್ಲ ಅಂದ್ರೆ ಹಿರಿಯರಾದ್ರೂ ಜೊತೇಲಿರ್ಬೇಕಮ್ಮ" ಎಂದಾಗ, ಅವಳ ಬಾಯಿಂದ ತಾನಾಗಿಯೇ ಒಂದು ಮಾತು ಹೊರಬಿತ್ತು: "ಅತ್ತೆ ಇದಾರಲ್ಲ! ಕಾಯಿಲೆಯವರು, ಹಾಸಿಗೆ ಬಿಟ್ಟು ಏಳಲ್ಲ."

ಅಂದಿನಿಂದ ಆ ಅತ್ತೆಯನ್ನು ಸಾಕುವುದೇ ಅವಳಿಗೆ ಇನ್ನೊಂದು ಕೆಲಸವಾಯಿತು. ಸಂತೆಯಲ್ಲಿ ಕೊಂಡ ಮುದುಕಿಯ ನಿಲುವಂಗಿಯೊಂದನ್ನು ಒಗೆದು ಮಾಳಿಗೆಯ ಹಗ್ಗದ ಮೇಲೆ ಹರವುವಳು. ಕೆಲಸಕ್ಕೆ ಹೊರಟಾಗ ಮೆಟ್ಟಿಲ ಮೇಲೆ ನಿಂತು, "ನೀವು ಏಳ್ಬೇಡಿ ಅತ್ತೆ, ನಾನೇ ಬೀಗ ಹಾಕ್ಕೊಂಡ್ ಹೋಗ್ತೀನಿ!" ಎಂದು ಇಡೀ ಮನೆಗೆ ಕೇಳುವಂತೆ ಕೂಗುವಳು. ರಂಜಾನಿನಲ್ಲಿ ನೆರೆಯವರು ಕಾಯಿಲೆಯ ಅತ್ತೆಗೆಂದು ಕಳಿಸುತ್ತಿದ್ದ ಬೇಳೆಯ ಸಾರನ್ನು ಶಾಮಾ ಬಟ್ಟಲು ನೆಕ್ಕಿ ಮುಗಿಸುತ್ತಿದ್ದಳು.

ಒಂದು ಬೆಳಿಗ್ಗೆ ತಾಮೋ ಕಾರ್ಖಾನೆಯಲ್ಲಿದ್ದಾಗ, ಒಳಗೆ ಒಂಟಿಯಾಗಿದ್ದ ಶಾಮಾ ಚಹಾ ಕಾಯಿಸಲು ಹೋಗಿ ಪರದೆಗೆ ಬೆಂಕಿ ತಗುಲಿತು. ನೆರೆಯವರು ಬೀಗ ಒಡೆದು ಒಳನುಗ್ಗಿದರು. ಬೆಂಕಿಯೇನೋ ಒಂದು ಬಕೆಟ್ ನೀರಿಗೆ ಆರಿತು. ಮಗುವಿನ ಅಂಗೈ ಮಾತ್ರ ಸ್ವಲ್ಪ ಸುಟ್ಟಿತ್ತು. ಆದರೆ ಅವರು ಹೊದಿಕೆಗಳನ್ನೆಲ್ಲ ಎಳೆದುಹಾಕಿ ಹುಡುಕಿದ್ದೇ ಹುಡುಕಿದ್ದು.

"ಅಜ್ಜಿ ಎಲ್ಲಮ್ಮ, ಅಜ್ಜಿ?"

"ಯಾವ ಅಜ್ಜಿ?" ಎಂದಳು ಶಾಮಾ.

ಕೈಗಂಟಿದ ಮೀನಿನ ಹುರುಪೆ ತೊಳೆಯುವುದಕ್ಕೂ ಬಿಡದೆ ಪೊಲೀಸರು ತಾಮೋಳನ್ನು ಕರೆದೊಯ್ದರು. ಮಗುವನ್ನು ಅನಾಥಾಲಯಕ್ಕೆ ಸೇರಿಸಿದರು. ಇನ್ನು ಅವಳು ತಾಯಿಯ ಕೈಗೆ ಮರಳುವಳೋ ಇಲ್ಲವೋ ಎಂಬುದನ್ನು ನ್ಯಾಯಾಲಯವೇ ಹೇಳಬೇಕಾಗಿತ್ತು.

ಅದೇ ವಾರ ಗುಡ್ಡದ ಮೇಲಿನ ಬಂಗಲೆಯಲ್ಲಿಯೂ ಒಂದು ಸಂಗತಿ ನಡೆದಿತ್ತು. ಔಷಧದಂಗಡಿಯ ಮಾಲೀಕರೂ ಅವರ ಹೆಂಡತಿಯೂ ಮಗನನ್ನು ಮಲಗಿಸಿ ಮದುವೆಯೂಟಕ್ಕೆ ಹೋಗಿದ್ದರು. ನಾಲ್ಕು ವರ್ಷದ ಆ ಹುಡುಗ ಎದ್ದು ಬಂದು ರಸ್ತೆಯ ನಡುವೆ ಅಳುತ್ತ ನಿಂತಿದ್ದ. ಪೊಲೀಸರು ಅವನನ್ನು ಹೆಗಲ ಮೇಲೆ ಹೊತ್ತು ಮನೆ ಸೇರಿಸಿ, ಚಹಾ ಕುಡಿದು, "ದೇವರು ಕಾಪಾಡಿದ" ಎಂದು ಹೊರಟುಬಂದರು. ಆ ಮನೆಯಲ್ಲಿ ಬಟ್ಟೆ ಒಗೆಯುವ ಯಾಮ್ನಾ, ಜಾಮೀನಿನ ಮೇಲೆ ಹೊರಬಂದಿದ್ದ ತಾಮೋಳಿಗೆ ಇದನ್ನು ಹೇಳಿದಳು.

ವಿಚಾರಣೆಯ ದಿನ ನ್ಯಾಯಾಧೀಶರು ಕೇಳಿದರು: "ಇಲ್ಲದ ಅತ್ತೆ ಇದಾಳೆ ಅಂತ ಊರಿಗೆಲ್ಲ ಸುಳ್ಳು ಹೇಳಿದೀಯ. ನಿನ್ನ ಮಾತು ಹೇಗೆ ನಂಬಲಿ?"

"ಸುಳ್ಳು ಹೇಳಿದ್ದು ನಿಜ, ಸೀದಿ. ನಿಜ ಹೇಳಿದ್ರೆ ಕೋಣೆ ಸಿಗ್ತಿರ್ಲಿಲ್ಲ."

"ಸೈರನ್ ಕೂಗಿದಾಗ ಇನ್ಮೇಲೆ ಮಗು ನೋಡ್ಕೊಳ್ಳೋರು ಯಾರು?"

ಹಿಂದಿನ ಸಾಲಿನಿಂದ ದಪ್ಪ ದನಿಯೊಂದು ಎದ್ದಿತು. "ನಾನು!"

ಅವಳು ಲಲ್ಲಾ ಬತೂಲ್, ಹಳೇ ಪೇಟೆಯ ಹಮಾಮಿನಲ್ಲಿ, ಸ್ನಾನಕ್ಕೆ ಬಂದ ಹೆಂಗಸರ ಬಟ್ಟೆಯ ಗಂಟು, ಒಡವೆ ಕಾಯುವವಳು. ಮೊದಲು ಅವಳು ಬೈದದ್ದು ತಾಮೋಳನ್ನೇ. "ಅಲ್ವೇ ಮಂಕೇ, ಇಲ್ಲದ ಅತ್ತೇನ ಹುಟ್ಟಿಸೋ ಬದ್ಲು, ಪಕ್ಕದ ಬೀದೀಲಿ ಇರೋ ನನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

"ಬಟ್ಟೆ ಕಾಯೋಳ ಕೈಗೆ ಮಗು ಕೊಡೋದಾ?" ಎಂದರು ನ್ಯಾಯಾಧೀಶರು.

"ಯಾಕೆ ಸೀದಿ, ನಿಮ್ಮ ತಾಯಿ ಪ್ರತಿ ಗುರುವಾರ ಚಿನ್ನದ ಬಳೆ ಬಿಚ್ಚಿ ನನ್ನ ಮಡಿಲಿಗೇ ಹಾಕಿ ಒಳಗೆ ಹೋಗ್ತಾರಲ್ಲ!"

ಸಭೆ ಗೊಳ್ಳೆಂದಿತು. ನ್ಯಾಯಾಧೀಶರು ಮೇಜು ತಟ್ಟಿ, ಯಾರಾದರೂ ಹೋಗಿ ಆ ಸ್ಥಳ ನೋಡಿ ಬರಲಿ ಎಂದರು. ನ್ಯಾಯಾಲಯದ ಅಮೀನನು ಎದ್ದು ನಿಂತ. "ಹೆಂಗಸರ ಹಮಾಮಿಗೆ ನೀನು ಹೋಗ್ತೀಯೇನಪ್ಪ?" ಎಂದು ಬತೂಲ್ ಕೇಳಿದ್ದೇ ತಡ, ಅವನು ಕುಳಿತುಬಿಟ್ಟ. ಕೊನೆಗೆ ಸಮಾಜ ಕಲ್ಯಾಣದ ಅಧಿಕಾರಿಣಿ ಇಕ್ರಾಮಳನ್ನು ಕಳಿಸಿದರು.

ಇಕ್ರಾಮ್ ಹೊಸ್ತಿಲು ದಾಟುವಾಗಲೇ ಬತೂಲ್ ತಡೆದಳು. "ಚಪ್ಪಲಿ ಹೊರಗೆ ಮಗಳೇ. ಸರ್ಕಾರದ್ದಾದ್ರೂ ಅಷ್ಟೇ." ಒಳಗೆ ಬಟ್ಟೆಗಂಟುಗಳ ನಡುವೆ ಎರಡು ಕೂಸುಗಳು ನಿದ್ರಿಸುತ್ತಿದ್ದವು, ಇನ್ನೊಂದು ಅಂಬೆಗಾಲಿಡುತ್ತಿತ್ತು.

"ಇವೆಲ್ಲ ಯಾರ ಮಕ್ಕಳು?"

"ಎರಡು ಕಾರ್ಖಾನೆಯೋರ್ದು. ಒಂದು ಬ್ಯಾಂಕ್ ಮ್ಯಾನೇಜರ ಹೆಂಡ್ತೀದು, ಅವ್ರು ಒಳಗೆ ಮೈ ಉಜ್ಜಿಸ್ಕೊಳ್ತಿದಾರೆ." ಮಾತಾಡುತ್ತಲೇ, ಬಿಸಿನೀರ ಕೋಣೆಯ ಬಾಗಿಲ ಕಡೆ ತೆವಳುತ್ತಿದ್ದ ಕೂಸನ್ನು ಬತೂಲ್ ತಿರುಗಿ ನೋಡದೆ ಕಾಲು ಚಾಚಿ ತಡೆದು, ಮಡಿಲಿಗೆಳೆದುಕೊಂಡಳು. ಹಿಂದೆಯೇ ಅವಳ ಕೋಣೆ. ಬೆಳಗಿನ ಜಾವ ಸೈರನ್ ಕೂಗಿದಾಗ ತಾಯಂದಿರು ಬಿಟ್ಟುಹೋಗುವ ಮಕ್ಕಳಿಗೆ ಅಲ್ಲಿ ಕುರಿಯ ಚರ್ಮ ಹಾಸಿತ್ತು. ಇಕ್ರಾಮ್ ಸುತ್ತಲೂ ನೋಡಿದಳು, ಚಹಾ ಕುಡಿದಳು, ಹೋದಳು.

"ಆ ಹೆಂಗಸಿನ ಹತ್ತಿರ ನನ್ನ ಮಗುವನ್ನಾದ್ರೂ ಬಿಡ್ತೀನಿ" ಎಂದು ಅವಳು ನ್ಯಾಯಾಲಯದಲ್ಲಿ ಹೇಳಿದಳು.

ನ್ಯಾಯಾಧೀಶರು ಮಗುವನ್ನು ತಾಯಿಗೆ ಕೊಡಬೇಕೆಂದರು. ಜೊತೆಗೆ, ಇನ್ನೊಮ್ಮೆ ಹೀಗಾದರೆ ಜೈಲು ಎಂಬ ಎಚ್ಚರಿಕೆಯನ್ನೂ ಸೇರಿಸಿದರು. "ಇನ್ನೇನಾದ್ರೂ ಹೇಳೋದಿದ್ಯಾ?"

ಸುಮ್ಮನಿರು ಎಂದು ಯಾಮ್ನಾ ನಿಲುವಂಗಿಯ ಅಂಚು ಜಗ್ಗಿದಳು. ತಾಮೋ ಅದನ್ನು ಬಿಡಿಸಿಕೊಂಡಳು.

"ಇದೆ ಸೀದಿ. ಗುಡ್ಡದ ಮೇಲಿನ ಬಂಗಲೆ ಮಗೂನೂ ಒಂಟಿಯಾಗಿ ಸಿಕ್ಕಿತ್ತು. ಅದರ ತಾಯೀನ ಯಾಕೆ ಇಲ್ಲಿ ನಿಲ್ಲಿಸ್ಲಿಲ್ಲ?"

"ಆ ಪ್ರಕರಣ ನನ್ನ ಮುಂದೆ ಬಂದಿಲ್ಲ."

"ಅದನ್ನೇ ಕೇಳ್ತಿದೀನಿ. ಯಾಕೆ ಬಂದಿಲ್ಲ?"

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. "ಹೋಗಮ್ಮ, ನಿನ್ನ ಮಗು ಕರ್ಕೊಂಡ್ ಹೋಗು" ಎಂದಷ್ಟೇ ಹೇಳಿ ಎದ್ದರು.

ಹೊರಗೆ ಗುಮಾಸ್ತ, ಆದೇಶ ಮುಂದಿನ ವಾರ ಅನಾಥಾಲಯಕ್ಕೆ ಟಪಾಲಿನಲ್ಲಿ ಹೋಗುತ್ತದೆ ಎಂದ. ತಾಮೋ ಅವನ ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕುಳಿತಳು. "ಕೈಗೆ ಕೊಡಿ, ಏಳ್ತೀನಿ." ಬತೂಲ್ ಏದುಸಿರು ಬಿಡುತ್ತ ಪಕ್ಕದಲ್ಲಿ ಕುಳಿತಳು, ಕಾರ್ಖಾನೆಯ ಹೆಂಗಸರೂ ಒಬ್ಬೊಬ್ಬರಾಗಿ ಕುಳಿತರು. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡ ಗುಮಾಸ್ತ ಕೊನೆಗೆ ಗೊಣಗುತ್ತ ಮುದ್ರೆ ಹುಡುಕಿದ.

ಅನಾಥಾಲಯದ ಮೇಲ್ವಿಚಾರಕಿ ಕಾಗದವನ್ನು ಎರಡು ಸಲ ಓದಿದಳು. "ಮಕ್ಕಳು ಊಟಕ್ಕೆ ಕೂತಿದಾರೆ. ಉಂಡ ಮೇಲೆ ಬಾ."

"ಅವಳು ಮನೇಲಿ ಉಣ್ತಾಳೆ" ಎಂದು ತಾಮೋ ಊಟದ ಮನೆಯತ್ತ ನಡೆದಳು.