ತಂತಿಗೆ ಚುಚ್ಚಿದ ಚೀಟಿಗಳು

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಫೈಲುಗಳ ದಾರ ಬಿಗಿದೂ ಬಿಗಿದೂ ಹಾಗಾದದ್ದು. ಹಿರಿಯೂರಿನ ಸಣ್ಣದೊಂದು ಆಸ್ಪತ್ರೆಯಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದ ಅವರು ರೆಕಾರ್ಡ್ ರೂಮು, ನಾನು ರೋಗಿಗಳ ಹೆಸರು ಬರೆದುಕೊಳ್ಳುವ ಕೌಂಟರು. ಊಟಕ್ಕೆ ಕೂತರೆ ಅವರ ಹುಚ್ಚೆಳ್ಳು ಚಟ್ನಿಪುಡಿ ಕೇಳದೆಯೇ ನನ್ನ ಡಬ್ಬಿಯ ಮುಚ್ಚಳಕ್ಕೆ ಬೀಳುತ್ತಿತ್ತು.

ಕೌಂಟರಿಗೆ ಕಂಪ್ಯೂಟರು ಬಂದು ಮೂರು ತಿಂಗಳಾಗಿತ್ತು. ಸಾಫ್ಟ್‌ವೇರು ಕೊಟ್ಟ ಕಂಪನಿಯವರೊಬ್ಬರು ಬಂದು ಹಾಳೆ ಹಂಚಿದರು. ಇದು ನಿಮಗೆ ಎಷ್ಟು ಒಗ್ಗಿದೆ, ಒಂದರಿಂದ ಐದರೊಳಗೆ ಗುರುತು ಹಾಕಿ ಎಂದು. ಒಗ್ಗದವರನ್ನು ಮನೆಗೆ ಕಳಿಸುತ್ತಾರಂತೆ ಎಂಬ ಸುದ್ದಿಯಿತ್ತು. ನಾನು ಎಲ್ಲಕ್ಕೂ ಐದು ಹಾಕಿದೆ.

ನಿಜ ಬೇರೆಯೇ ಇತ್ತು. ಹುಟ್ಟಿದ ತಾರೀಖು ತುಂಬದೆ ಆ ಪರದೆ ಮುಂದಕ್ಕೆ ಹೋಗುತ್ತಿರಲಿಲ್ಲ. ಹರಿಯಬ್ಬೆ ಹಳ್ಳಿಯಿಂದ ಬಂದ ಅಜ್ಜಿಯನ್ನು ಕೇಳಿದರೆ, "ನಮ್ಮೆಮ್ಮೆ ಕರ ಹಾಕಿದ್ದು ಬೇಕಾದ್ರೆ ಹೇಳ್ತೀನವ್ವಾ, ನಂದೆಲ್ಲಿ ಗೊತ್ತು?" ಎನ್ನುತ್ತಿದ್ದಳು. ಸಾಲು ಬೆಳೆಯುತ್ತಿತ್ತು. ನಾನು ಹೆಸರು, ಅಂದಾಜು ವಯಸ್ಸು ಚೀಟಿಯಲ್ಲಿ ಬರೆದು ಡಾಕ್ಟರ ಬಳಿಗೆ ಕಳಿಸಿ, ಸಂಜೆ ತೋಚಿದ ತಾರೀಖು ಹಾಕಿ ಕಂಪ್ಯೂಟರಿಗೆ ಏರಿಸುತ್ತಿದ್ದೆ. ಆ ಚೀಟಿಗಳನ್ನೆಲ್ಲ ಅಕ್ಕ ಒಂದು ತಂತಿಗೆ ಚುಚ್ಚಿಡುತ್ತಿದ್ದರು.

ನನ್ನ ಹಾಳೆ ನೋಡಿ ಅಕ್ಕ ನಕ್ಕರು. "ಐದಕ್ಕೈದು ಕೊಟ್ಟಿದೀಯಲ್ಲೇ, ಈ ಚೀಟಿನೆಲ್ಲ ನಿಮ್ಮತ್ತೆ ಬರೆದ್ಳಾ?"

"ಕೆಲ್ಸ ಹೋಗ್ತೈತೆ ಅಕ್ಕಾ."

ಅಕ್ಕ ತಂತಿಯನ್ನು ಹಾಗೇ ಎತ್ತಿಕೊಂಡು ಹೋಗಿ ಕಂಪನಿಯವರ ಮುಂದಿಟ್ಟರು. "ಒಗ್ಗೈತಾ ಅಂತ ಕೇಳಿದ್ರೆ ಹೆದರಿದೋರು ಹೂಂ ಅಂತಾರೆ. ದಿನಾ ಸಂಜೆ ಈ ತಂತಿ ನೋಡ್ರಿ. ಚೀಟಿ ಕಮ್ಮಿಯಾದ್ರೆ ಒಗ್ಗೈತೆ ಅಂತ ಬರ್ಕಳ್ರಿ. ಬರೆದೋಳ್ನ ಬೈಬ್ಯಾಡ್ರಿ, ಯಾಕೆ ಬರೆದ್ಳು ಅಂತ ಕೇಳ್ರಿ."

ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಕಂಪನಿಯವರು ಚೀಟಿಗಳನ್ನು ಒಂದೊಂದಾಗಿ ಓದಿದರು. 'ಅರವತ್ತರ ಮೇಲೆ.' 'ಎಪ್ಪತ್ತು ಇರಬಹುದು.' ಓದಿ ಮುಗಿಸಿ ನನ್ನನ್ನು ಕರೆದು ಕೂರಿಸಿಕೊಂಡು, ಯಾಕೆ ಬರೆದದ್ದೆಂದು ಕೇಳಿದರು; ಹುಟ್ಟಿದ ತಾರೀಖಿನ ತೊಡಕು ಹೇಳಿದೆ. ಮುಂದಿನ ವಾರ ಪರದೆಯ ಮೇಲೆ 'ಅಂದಾಜು ವಯಸ್ಸು' ಎಂಬ ಹೊಸ ಖಾನೆ ಬಂತು. ನನ್ನ ಕುರ್ಚಿ ನನಗೇ ಉಳಿಯಿತು. ತಂತಿಗೆ ಒಂದೂ ಚೀಟಿ ಬೀಳದೆ ಖಾಲಿ ಉಳಿದ ಸಂಜೆ ಅಕ್ಕ ಅದನ್ನು ಸೆರಗಿನಲ್ಲಿ ಒರೆಸಿ, "ಈಗ ಹಾಕೇ ನಿನ್ನ ಐದು" ಎಂದರು.

ನಿವೃತ್ತಿಯಾದ ಮೇಲೆ ಅಕ್ಕ ಒಮ್ಮೆ ನನ್ನ ಕೌಂಟರಿಗೇ ರೋಗಿಯಾಗಿ ಬಂದರು, ಏದುಸಿರು ಬಿಡುತ್ತ. ಹುಟ್ಟಿದ ತಾರೀಖು ಕೇಳಿದೆ.

"ಸ್ಕೂಲಲ್ಲಿ ಬರೆಸಿದ್ದು ಬ್ಯಾರೆ, ಹುಟ್ಟಿದ್ದು ಬ್ಯಾರೆ. ಅಂದಾಜು ಹಾಕೇ. ಹಿಂದೆ ಜನ ನಿಂತವ್ರೆ."

ಹಾಕಿದೆ. ಸಾಲು ಮುಂದೆ ಸರಿಯಿತು. ಆ ವಾರವೇ ಅಕ್ಕ ತೀರಿಕೊಂಡರು. ಅವರ ತಂತಿ ನನ್ನ ಕಂಪ್ಯೂಟರಿನ ಪಕ್ಕದಲ್ಲೇ ಇದೆ, ಖಾಲಿಯಾಗಿ.